ಊರಿನ ಶಾಸನ ಓದುವುದು ಹೇಗೆ: ಕಲ್ಲಿನ ಮುಂದೆ ನಿಂತಲ್ಲಿಂದ ಇಸವಿ ಹೇಳುವವರೆಗೆ

ವಾಟ್ಸಾಪಿನಲ್ಲಿ ವಾರಕ್ಕೊಂದಾದರೂ ಕಲ್ಲಿನ ಫೋಟೊ ಬರುತ್ತದೆ. ಎದುರು ಬಿಸಿಲಿನಲ್ಲಿ ತೆಗೆದದ್ದು, ಅಕ್ಷರಗಳ ಮೇಲೆ ಸೀಮೆಸುಣ್ಣ ಓಡಾಡಿರುತ್ತದೆ, ಕೆಳಗೊಂದು ಸಾಲು: "ಸರ್, ಇದು ಹೊಯ್ಸಳರದ್ದಾ? ಎಷ್ಟು ವರ್ಷ ಹಳೇದು?" ಉತ್ತರ ಹೇಳಲು ಆಗುವುದಿಲ್ಲ. ಸೀಮೆಸುಣ್ಣ ಹಿಡಿದವರು ತಮಗೆ ಕಂಡ ಅಕ್ಷರವನ್ನು ತಿದ್ದಿದ್ದಾರೆ, ಕಲ್ಲಿನಲ್ಲಿರುವ ಅಕ್ಷರ ಅದರಡಿ ಹೋಗಿದೆ.

ಎಡವುವವರೆಲ್ಲ ಎಡವುವುದು ಒಂದೇ ಕಡೆ. ಮೊದಲು ರಾಜನ ಹೆಸರು ಹುಡುಕುತ್ತಾರೆ, ಆಮೇಲೆ ಅಕ್ಷರ ನೋಡುತ್ತಾರೆ. ಕೆಲಸ ನಡೆಯಬೇಕಾದ್ದು ಇದರ ಉಲ್ಟಾ ಕ್ರಮದಲ್ಲಿ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಪಾಲಿಸಿದರೆ ಲಿಪಿ ಪೂರ್ತಿ ಬಾರದವರೂ ನಂಬಬಹುದಾದ ದಾಖಲೆ ಮಾಡಬಹುದು.

ಚೀಲದಲ್ಲಿ ಏನಿರಬೇಕು

ಮೆತ್ತನೆ ಎಳೆಯ ಬ್ರಷ್ (ತಂತಿ ಬ್ರಷ್ ಬೇಡವೇ ಬೇಡ), ಎರಡು ಬಾಟಲಿ ಬರೀ ನೀರು, ಹಳೆಯ ಹತ್ತಿ ಬಟ್ಟೆ, ಅಳತೆ ಟೇಪು, ಪ್ರಖರವಾದ ಟಾರ್ಚು, ಅಂಗೈ ಅಗಲದ ಕನ್ನಡಿ, ಮೊಬೈಲ್ ಅಥವಾ ಕ್ಯಾಮೆರಾ, ಗೆರೆಯಿಲ್ಲದ ನೋಟ್‌ಬುಕ್, ಪೆನ್ಸಿಲು. ಪೆನ್ ಯಾಕೆ ಬೇಡ ಅಂದರೆ ನೀವು ಬರೆದದ್ದರಲ್ಲಿ ಅರ್ಧ ಅಳಿಸಬೇಕಾಗುತ್ತದೆ.

ತರಬಾರದ್ದು: ಸೀಮೆಸುಣ್ಣ, ಸುಣ್ಣದ ನೀರು, ಬಣ್ಣ, ಎಣ್ಣೆ, ಸೋಪು, ಆಸಿಡ್, ಉಳಿ, ಗುದ್ದಲಿ.

ಹಂತ 1: ಮೊದಲು ಪುಸ್ತಕ, ಆಮೇಲೆ ಕಲ್ಲು

ವರ್ಷಗಳ ಹಿಂದೆ ನಾನೊಂದು ವೀರಗಲ್ಲನ್ನು 'ಹೊಸ ಶೋಧ' ಎಂದು ಪತ್ರಿಕೆಯೊಂದಕ್ಕೆ ಕೊಟ್ಟೆ. ಫೋಟೊ ಸಮೇತ ಅಚ್ಚಾಯಿತು. ತಿಂಗಳಾಗುವುದರೊಳಗೆ ಹಿರಿಯರೊಬ್ಬರು ಫೋನ್ ಮಾಡಿ, "ಅದನ್ನ ರೈಸ್ ಸಾಹೇಬರು ನಿಮ್ಮಜ್ಜನ ಕಾಲದಲ್ಲೇ ಓದಿದಾರಲ್ಲಪ್ಪ" ಅಂದರು. ಅಂದಿನಿಂದ ಪುಸ್ತಕ ನೋಡದೆ ಹೊರಟಿಲ್ಲ.

ಎಲ್ಲಿ ನೋಡಬೇಕು ಎನ್ನುವುದು ನಿಮ್ಮ ಊರು ಹಿಂದೆ ಯಾರ ಆಳ್ವಿಕೆಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಹಳೆ ಮೈಸೂರು ಸೀಮೆ ಮತ್ತು ಕೊಡಗಿಗೆ ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳ ಮಾಲೆ ಇದೆ. ಮೊದಲ 12 ಸಂಪುಟಗಳಲ್ಲಿ ಹಾಸನಕ್ಕೆ 5, ಕಡೂರಿಗೆ (ಈಗಿನ ಚಿಕ್ಕಮಗಳೂರು) 6, ಶಿವಮೊಗ್ಗಕ್ಕೆ 7 ಮತ್ತು 8, ಬೆಂಗಳೂರಿಗೆ 9, ಕೋಲಾರಕ್ಕೆ 10, ಚಿತ್ರದುರ್ಗಕ್ಕೆ 11, ತುಮಕೂರಿಗೆ 12. ಮುಂಬೈ ಕರ್ನಾಟಕದವರು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಮಾಲೆಯ 11, 15, 18, 20ನೇ ಸಂಪುಟಗಳನ್ನು, ಬಳ್ಳಾರಿ ಕಡೆಯವರು 9ನೆಯದನ್ನು, ಕರಾವಳಿಯವರು 7ನೆಯದನ್ನು ತೆರೆಯಬೇಕು. ಕಲ್ಯಾಣ ಕರ್ನಾಟಕದವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳಿಂದ ಶುರುಮಾಡಲಿ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಿಗುತ್ತವೆ.

ಇಲ್ಲಿ ಎರಡು ಗುಂಡಿಗಳಿವೆ. ರೈಸ್ ಅವರ ಸಂಪುಟಗಳು ಅಂದಿನ ತಾಲ್ಲೂಕಿನ ಲೆಕ್ಕದಲ್ಲಿವೆ. ರಾಮನಗರವನ್ನು ಕ್ಲೋಸ್‌ಪೇಟೆಯಲ್ಲಿ, ಸಕಲೇಶಪುರವನ್ನು ಮಂಜರಾಬಾದಿನಲ್ಲಿ, ಕೆ.ಆರ್. ನಗರದ ಕಡೆಯ ಹಳ್ಳಿಗಳನ್ನು ಎಡತೊರೆಯಲ್ಲಿ ಹುಡುಕಬೇಕು. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ, ಆದ್ದರಿಂದ ಅದು ಮೈಸೂರಿನ 3 ಮತ್ತು 4ನೇ ಸಂಪುಟಗಳೊಳಗಿದೆ. ಎರಡನೆಯ ಗುಂಡಿ, ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ತಂದ ಪರಿಷ್ಕೃತ ಆವೃತ್ತಿಯದು. ಅದರಲ್ಲಿ ಸಂಪುಟದ ಸಂಖ್ಯೆ, ಶಾಸನದ ಸಂಖ್ಯೆ ಎರಡೂ ಬೇರೆ. ಯಾವ ಆವೃತ್ತಿ ಎಂದು ಬರೆಯದೆ ಬರೀ ಸಂಖ್ಯೆ ಕೊಟ್ಟರೆ ಮುಂದಿನವರು ಪರದಾಡುತ್ತಾರೆ.

ನಿಮ್ಮ ಕಲ್ಲು ಆಗಲೇ ಅಚ್ಚಾಗಿದ್ದರೆ ಬೇಸರ ಬೇಡ. ಮುದ್ರಿತ ಪಾಠ ಕೈಯಲ್ಲಿಟ್ಟುಕೊಂಡು ಕಲ್ಲು ಓದುವುದಕ್ಕಿಂತ ಒಳ್ಳೆಯ ಲಿಪಿ ಪಾಠಶಾಲೆ ಇಲ್ಲ. ಹಳೆಯ ಪಾಠದಲ್ಲಿ ತಪ್ಪು, ಬಿಟ್ಟ ಸಾಲು ಸಿಗುವುದೂ ಉಂಟು.

ಹಂತ 2: ಊರಿನವರಿಗೆ ತಿಳಿಸಿ ಕಲ್ಲು ಮುಟ್ಟಿ

ಹೊಲದ ಬದುವಿನಲ್ಲಿ ಇಬ್ಬರು ಅಪರಿಚಿತರು ಟೇಪು ಹಿಡಿದು ಕಲ್ಲು ಅಳೆಯುತ್ತಿದ್ದರೆ ಊರಿನವರಿಗೆ ಮೊದಲು ಬರುವ ಅನುಮಾನ ನಿಧಿಯದ್ದು. ಅವರ ತಪ್ಪಲ್ಲ, ನಿಧಿಗಳ್ಳರು ಒಡೆದು ಹಾಕಿದ ಶಾಸನಗಳನ್ನು ಅವರೂ ಕಂಡಿದ್ದಾರೆ. ಜಮೀನಿನ ಯಜಮಾನರನ್ನೋ ಗುಡಿಯ ಪೂಜಾರಪ್ಪನನ್ನೋ ಜೊತೆಗೆ ಕರೆದುಕೊಳ್ಳಿ. "ಈ ಕಲ್ಲು ಮೊದಲಿಂದ ಇಲ್ಲೇ ಇತ್ತಾ ಯಜಮಾನ್ರೇ?" ಎಂದು ಕೇಳಿ. "ಕೆರೆ ಕೋಡಿಯಾಗಿತ್ತು, ನಮ್ಮಪ್ಪನ ಕಾಲ್ದಾಗ ತಂದು ನೆಟ್ರು" ಎಂಬ ಒಂದು ಮಾತು ಶಾಸನದ ಅರ್ಥವನ್ನೇ ತಿರುಗಿಸಬಲ್ಲದು. ಕಲ್ಲಿನಲ್ಲಿ ಹೇಳಿದ ಗದ್ದೆಯ ಎಲ್ಲೆ ಈಗಿನ ಜಾಗಕ್ಕೆ ಹೊಂದದಿದ್ದಾಗ ಈ ಉತ್ತರವೇ ಕೈ ಹಿಡಿಯುತ್ತದೆ.

ಪೂಜೆಗೊಳ್ಳುವ ಕಲ್ಲಾದರೆ ಎಣ್ಣೆ ಜಿಡ್ಡು, ಕುಂಕುಮ ತೆಗೆಯುವ ಮೊದಲು ಕೇಳಲೇಬೇಕು. ಒಪ್ಪದಿದ್ದರೆ ಬಿಟ್ಟುಬಿಡಿ.

ಹಂತ 3: ನೀರು ಮತ್ತು ಬ್ರಷ್, ಅಷ್ಟೇ

ನೀರು ಚಿಮುಕಿಸಿ, ಮಣ್ಣು ನೆನೆಯಲು ಹತ್ತು ನಿಮಿಷ ಬಿಟ್ಟು, ಮೇಲಿಂದ ಕೆಳಕ್ಕೆ ಮೆತ್ತಗೆ ಉಜ್ಜಿ. ಪಾಚಿ ಸಲೀಸಾಗಿ ಬಂದರೆ ಬರಲಿ. ಕಲ್ಲಿಗೆ ಕಚ್ಚಿದ ಬಿಳಿ, ಬೂದು ಮಚ್ಚೆಗಳನ್ನು ಕೆರೆಯಬೇಡಿ, ಅದರ ಜೊತೆಗೆ ಕಲ್ಲಿನ ಪದರವೂ ಎದ್ದುಬರುತ್ತದೆ. ಬಳಪದ ಕಲ್ಲಂತೂ ಉಗುರಿಗೇ ಗೀರುತ್ತದೆ.

ನಿಲ್ಲಿಸಬೇಕಾದ ಸೂಚನೆಗಳು: ಬ್ರಷ್ಷಿನಲ್ಲಿ ಕಲ್ಲಿನ ಹುಡಿ ಕಾಣುವುದು, ಮೇಲ್ಮೈ ತಟ್ಟಿದರೆ ಟೊಳ್ಳು ಸದ್ದು ಬರುವುದು, ಚಕ್ಕೆ ಏಳುವುದು. ಇವುಗಳಲ್ಲಿ ಯಾವುದು ಕಂಡರೂ ಕೈ ತೆಗೆದು ನೇರ ಫೋಟೊಕ್ಕೆ ಹೋಗಿ.

ಕೆಳಗಿನ ಸಾಲುಗಳು ಮಣ್ಣಿನಲ್ಲಿ ಹೂತಿದ್ದರೆ ಅಗೆಯಬೇಡಿ. 'ಕೆಳಭಾಗ ಹೂತಿದೆ' ಎಂದು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲು ವಾಲಿದರೆ ನಿಮ್ಮ ಕಾಲೂ ಶಾಸನವೂ ಎರಡೂ ಮುರಿಯುತ್ತವೆ.

ಹಂತ 4: ಬೆಳಕು ಓರೆಯಾಗಿ ಬೀಳಬೇಕು

ಇಡೀ ಕೆಲಸದ ಅರ್ಧ ಇಲ್ಲಿದೆ. ಕೆತ್ತಿದ ಅಕ್ಷರ ಕಾಣುವುದು ಅದರ ತಗ್ಗಿನಲ್ಲಿ ನೆರಳು ನಿಂತಾಗ. ಎದುರಿನಿಂದ ಬೆಳಕು ಬಿದ್ದರೆ ನೆರಳಿಲ್ಲ, ನೆರಳಿಲ್ಲದಿದ್ದರೆ ಅಕ್ಷರವಿಲ್ಲ. ಮೊಬೈಲಿನ ಫ್ಲ್ಯಾಶ್ ಹಾಳುಮಾಡುವುದು ಇದನ್ನೇ.

'ಬೆಳಗ್ಗೆ ಅಥವಾ ಸಂಜೆ ಹೋಗಿ' ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಮೂಡಣಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ನೆಟ್ಟಗೆ ಬಡಿಯುತ್ತದೆ, ಏನೂ ಕಾಣದು. ಅದಕ್ಕೆ ಒಳ್ಳೆಯ ಹೊತ್ತು ಸೂರ್ಯ ನೆತ್ತಿಗೆ ಬರುವ ಮುಂಚಿನ ಸ್ವಲ್ಪ ಸಮಯ, ಆಗ ಬಿಸಿಲು ಕಲ್ಲಿನ ಮೈ ಸವರಿಕೊಂಡು ಇಳಿಯುತ್ತದೆ. ಪಡುವಣ ಮುಖದ್ದಕ್ಕೆ ನೆತ್ತಿ ದಾಟಿದ ಮೇಲಿನ ಹೊತ್ತು. ಬಡಗಣಕ್ಕೆ ಮುಖ ಮಾಡಿದ ಕಲ್ಲಿಗೆ ಚಳಿಗಾಲದಲ್ಲಿ ಬಿಸಿಲೇ ತಾಗದು, ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ತಿರುಗಿಸಿ. ಇದ್ಯಾವ ತಾಪತ್ರಯವೂ ಬೇಡವೆಂದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕಕ್ಕೆ ಹಿಡಿಯಿರಿ. ಹಗಲು ಬೋಳಾಗಿದ್ದ ಕಲ್ಲಿನಲ್ಲಿ ಸಾಲುಗಳು ಎದ್ದು ನಿಲ್ಲುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಪ್ರತಿ ಭಾಗಕ್ಕೂ ಕನಿಷ್ಠ ಮೂರು ಫೋಟೊ ಬೇಕು: ಬೆಳಕು ಎಡದಿಂದ, ಬಲದಿಂದ, ಮೇಲಿಂದ. ಬೆಳಕಿನ ದಿಕ್ಕಿನಲ್ಲೇ ಹರಿಯುವ ಗೆರೆ ಮಾಯವಾಗುತ್ತದೆ. ಎಡದ ಬೆಳಕಿನಲ್ಲಿ ತಲೆಕಟ್ಟು ಕಳೆದುಹೋದರೆ ಮೇಲಿನ ಬೆಳಕಿನಲ್ಲಿ ಅದು ಸಿಗುತ್ತದೆ. ಕ್ಯಾಮೆರಾ ಕಲ್ಲಿಗೆ ನೇರವಾಗಿರಲಿ. ಒಂದು ಫೋಟೊದ ಕಡೆಯ ಎರಡು ಸಾಲು ಮುಂದಿನದರಲ್ಲೂ ಬರಲಿ. ಒಂದರಲ್ಲಾದರೂ ಅಳತೆ ಟೇಪು ಕಾಣಲಿ. ಕಲ್ಲಿನ ಪಕ್ಕೆ, ಹಿಂಬದಿ ನೋಡಲು ಮರೆಯಬೇಡಿ, ಮುಂದೆ ಜಾಗ ಸಾಲದೆ ಇಸವಿಯೋ ದಾನಿಯ ಹೆಸರೋ ಪಕ್ಕೆಗೆ ಹೋಗಿರಬಹುದು.

ಒದ್ದೆ ಕಾಗದ ಬಡಿದು ಮಸಿ ತಟ್ಟಿ ಪಡಿಯಚ್ಚು ತೆಗೆಯುವ ವಿಧಾನವನ್ನು ವಿಡಿಯೊ ನೋಡಿ ಪ್ರಯೋಗಿಸಬೇಡಿ. ಕಾಗದ ಹರಿದರೆ ಮಸಿ ಕಲ್ಲಿಗಿಳಿಯುತ್ತದೆ. ಅದನ್ನು ಪಳಗಿದವರ ಪಕ್ಕ ಕೂತು ಕಲಿಯಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಲ್ಲಿ ದಾಖಲಿಸುತ್ತಿದ್ದಾರೆ, ಅದರಲ್ಲಿ ಕಲ್ಲನ್ನು ಮುಟ್ಟುವ ಪ್ರಮೇಯವೇ ಇಲ್ಲ.

ಹಂತ 5: ಕಂಡದ್ದನ್ನು ಕಂಡಂತೆ ನಕಲು ಮಾಡಿ

ಈಗಲೂ ಅರ್ಥದ ಗೊಡವೆ ಬೇಡ. ಕಲ್ಲಿನ ಒಂದು ಸಾಲಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಎಡಕ್ಕೆ ಸಾಲಿನ ಸಂಖ್ಯೆ. ಪದ ಅರ್ಧಕ್ಕೆ ಮುರಿದಿದ್ದರೆ ನೀವೂ ಅಲ್ಲೇ ಮುರಿಯಿರಿ. ಅನುಮಾನದ ಅಕ್ಷರವನ್ನು ಚೌಕ ಕಂಸದೊಳಗೆ, ಕಂಡರಿಸಿದವನ (ಕಲ್ಲಿನಲ್ಲಿ ಕೆತ್ತಿದವನ) ತಪ್ಪನ್ನು ನೀವು ತಿದ್ದಿದರೆ ಅದನ್ನು ದುಂಡು ಕಂಸದೊಳಗೆ ಹಾಕಿ, ಅಳಿಸಿಹೋದ ಅಕ್ಷರಕ್ಕೆ ಒಂದೊಂದು ಚುಕ್ಕಿ ಇಡಿ.

ಹೊಸಬರು ಮುಗ್ಗರಿಸುವ ಜಾಗಗಳು ಹೆಚ್ಚುಕಡಿಮೆ ಇವು:

ಎ–ಏ, ಒ–ಓ ವ್ಯತ್ಯಾಸವನ್ನು ಹಳೆಯ ಶಾಸನಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. 'ಕೊಡು' ಎಂದು ಕಂಡದ್ದು ದಾನ ಕೊಡುವ 'ಕೊಡು'ವೋ ಬೆಟ್ಟದ ಕೋಡೋ ಎನ್ನುವುದನ್ನು ವಾಕ್ಯ ನೋಡಿ ಆಮೇಲೆ ತೀರ್ಮಾನಿಸಬೇಕು.

ರೇಫದ (ಅರ್ಧ ರಕಾರದ) ನಂತರದ ಅಕ್ಷರ ಇಮ್ಮಡಿಸಿರುತ್ತದೆ: ಧರ್ಮ್ಮ, ಸರ್ವ್ವ. ಇದು ತಪ್ಪಲ್ಲ, ಆ ಕಾಲದ ರೂಢಿ. 'ಸರಿ' ಮಾಡಲು ಹೋಗಬೇಡಿ.

ಈಗ ಬಳಕೆಯಲ್ಲಿಲ್ಲದ ಱ ಮತ್ತು ೞ ಎದುರಾಗುತ್ತವೆ. ತುಱು (ದನ), ಏೞು (ಏಳು) ಇಂಥವು. ಗುರುತು ಹತ್ತದ ಅಕ್ಷರ ಬಂದಾಗ ಮೊದಲು ಇವೆರಡನ್ನು ಪರೀಕ್ಷಿಸಿ.

ಪ, ವ, ಷ ಒಂದನ್ನೊಂದು ಹೋಲುತ್ತವೆ. ದ–ಧ, ಬ–ಭ ಬೇರ್ಪಡಿಸುವ ಗೀರು ಸವೆದಿರಬಹುದು. ಇದೇ ಕಲ್ಲಿನಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಪದ ('ಸ್ವಸ್ತಿ', 'ಶ್ರೀಮತು', 'ವರ್ಷ') ಹುಡುಕಿ, ಅದರಲ್ಲಿನ ಅಕ್ಷರಗಳು ಹೇಗಿವೆ ನೋಡಿ, ಅದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಿ. ಪುಸ್ತಕದ ಲಿಪಿ ಪಟ್ಟಿಗಿಂತ ಆ ಕಲ್ಲಿನದೇ ಅಕ್ಷರ ನಂಬಿಕಸ್ತ.

ಅಂಕಿಗಳನ್ನು ಇಬ್ಬರು ಬೇರೆ ಬೇರೆ ಓದಿ ಆಮೇಲೆ ಹೋಲಿಸಿ. ೩, ೬, ೯ ಸವೆದ ಕಲ್ಲಿನಲ್ಲಿ ಅಣ್ಣತಮ್ಮಂದಿರು. ನೂರರ ಸ್ಥಾನದಲ್ಲಿ ಒಂದು ತಪ್ಪಿದರೆ ಹೊಯ್ಸಳರ ಕಲ್ಲು ವಿಜಯನಗರಕ್ಕೆ ಹೋಗಿಬಿಡುತ್ತದೆ.

ಎಚ್ಚರಿಕೆಯ ಗಂಟೆ: ನಿಮ್ಮ ಪಾಠದಲ್ಲಿ ಒಂದೂ ಚುಕ್ಕಿ, ಒಂದೂ ಚೌಕ ಕಂಸ ಇಲ್ಲವೆಂದರೆ ನೀವು ಓದಿಲ್ಲ, ಊಹಿಸಿದ್ದೀರಿ.

ಹಂತ 6: ಶಾಸನದ ಭಾಗಗಳನ್ನು ಬಿಡಿಸಿ

ದಾನಶಾಸನಕ್ಕೆ ಒಂದು ಚೌಕಟ್ಟಿದೆ. ಮೊದಲು ಸ್ತುತಿ ಪದ್ಯ: 'ನಮಸ್ತುಂಗಶಿರಶ್ಚುಂಬಿ' ಎಂದು ಶುರುವಾದರೆ ಶೈವ, 'ಶ್ರೀಮತ್ಪರಮಗಂಭೀರಸ್ಯಾದ್ವಾದ' ಎಂದರೆ ಜೈನ. ನಂತರ ಬಿರುದುಗಳ ಮಾಲೆ, ಅರಸನ ಹೆಸರು, ಅವನ ಅಧೀನದವನು, ಕಾಲ, ದಾನದ ವಿವರ, ಎಲ್ಲೆಕಟ್ಟು, ಕಡೆಗೆ 'ಸ್ವದತ್ತಾಂ ಪರದತ್ತಾಂ ವಾ' ಎಂಬ ಶಾಪ ಶ್ಲೋಕ. ಕೆಲವೊಮ್ಮೆ ಬರೆದವನ, ಕಂಡರಿಸಿದವನ ಹೆಸರೂ ಇರುತ್ತದೆ. ಈ ಚೌಕಟ್ಟು ಗೊತ್ತಿದ್ದರೆ ಸವೆದ ಕಲ್ಲಿನಲ್ಲೂ ಯಾವ ಸಾಲಿನಲ್ಲಿ ಏನು ಹುಡುಕಬೇಕೆಂದು ತಿಳಿಯುತ್ತದೆ.

ಬಹಳ ಜನ ಮೊದಲು ಕಂಡ ರಾಜನ ಹೆಸರಿಗೇ ನಿಂತುಬಿಡುತ್ತಾರೆ. 'ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ' ಎಂಬ ಉದ್ದನೆಯ ಮಾತಿನ ಹಿಂದಿನವನು ಚಕ್ರವರ್ತಿ. 'ತತ್ಪಾದಪದ್ಮೋಪಜೀವಿ' ಎಂಬುದರ ಮುಂದೆ ಬರುವವನು ಆ ಸೀಮೆಯನ್ನು ನಿಜಕ್ಕೂ ನೋಡಿಕೊಳ್ಳುತ್ತಿದ್ದವನು. ಊರಿನ ಚರಿತ್ರೆಗೆ ಎರಡನೆಯವನೇ ಮುಖ್ಯ.

ಬಿರುದಿನ ಊರು ಆಳಿದ ಊರಲ್ಲ. 'ಬನವಾಸಿಪುರವರಾಧೀಶ್ವರ' ಎಂದು ಹಾನಗಲ್ಲಿನ ಕದಂಬರೂ ಹಾಕಿಕೊಂಡರು. 'ಲತ್ತಲೂರ್ಪುರವರಾಧೀಶ್ವರ' ಎಂದ ರಟ್ಟರು ಆಳಿದ್ದು ಸವದತ್ತಿಯ ಕಡೆ. 'ತ್ರಿಭುವನಮಲ್ಲ' ಎಂದ ತಕ್ಷಣ ಚಾಲುಕ್ಯ ಆರನೇ ವಿಕ್ರಮಾದಿತ್ಯ ಎನ್ನಬೇಡಿ, ಹೊಯ್ಸಳ ವಿಷ್ಣುವರ್ಧನನಿಗೂ ಆ ಬಿರುದಿತ್ತು.

ಹಂತ 7: ಇಸವಿ ಲೆಕ್ಕ

ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅಲ್ಲಿಗೇ ನಿಲ್ಲಿಸುವುದರಿಂದ ಒಂದು ವರ್ಷದ ತಪ್ಪುಗಳು ಹುಟ್ಟುತ್ತವೆ.

ಮೊದಲು ಸಂವತ್ಸರ ತಾಳೆ ನೋಡಿ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ 60ನೆಯದಾದ ಅಕ್ಷಯ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯದು ಶಕ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. 1039ಕ್ಕೆ 12 ಸೇರಿಸಿದರೆ 1051, 60ರಿಂದ ಭಾಗಿಸಿದರೆ ಶೇಷ 31. ಪ್ರಭವದಿಂದ 31ನೆಯದು ಹೇವಿಳಂಬಿಯೇ. ತಾಳೆಯಾಯಿತು, 1039ಕ್ಕೆ 78 ಸೇರಿ 1117.

ಕಲ್ಲಿನಲ್ಲಿ ಶಕ 1040 ಎಂದಿದ್ದು ಸಂವತ್ಸರ ಹೇವಿಳಂಬಿಯೇ ಇದ್ದಿದ್ದರೆ? ಆಗ ಬರೆದವನು ಮುಗಿದ ವರ್ಷಗಳನ್ನಷ್ಟೇ ಎಣಿಸದೆ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿದ್ದಾನೆ ಎಂದರ್ಥ, 77 ಕೂಡಿಸಬೇಕು. ಅಂಕಿಗೂ ಸಂವತ್ಸರಕ್ಕೂ ಜಗಳ ಬಿದ್ದರೆ ನಾನು ಸಂವತ್ಸರದ ಪಕ್ಷ. ಹೆಸರನ್ನು ತಪ್ಪು ಕೆತ್ತುವುದು ಅಂಕಿಯನ್ನು ತಪ್ಪು ಕೆತ್ತುವಷ್ಟು ಸುಲಭವಲ್ಲ. 12 ಕೂಡಿಸಿ 60ರಿಂದ ಭಾಗಿಸುವ ಈ ಸೂತ್ರವನ್ನು ಹತ್ತನೇ ಶತಮಾನದ ಈಚಿನ ಶಾಸನಗಳಿಗೆ ಮಾತ್ರ ಬಳಸಿ, ಅದಕ್ಕೂ ಹಿಂದಿನವುಗಳಲ್ಲಿ ಸಂವತ್ಸರ ಎಣಿಸುವ ಪದ್ಧತಿ ಬೇರೆಯಿರಬಹುದು.

ಮಾಸ ಮಾಘ ಅಥವಾ ಫಾಲ್ಗುಣವಾದರೆ ಕ್ರಿಸ್ತವರ್ಷ ಬದಲಾಗಿರುತ್ತದೆ, 79 ಕೂಡಿಸಿ. ಶಕ 1039ರ ಫಾಲ್ಗುಣ ಬರುವುದು 1118ರಲ್ಲಿ. ಪುಷ್ಯ ಎರಡೂ ಕಡೆ ಬೀಳಬಹುದು, ತಿಥಿ ನೋಡಿಯೇ ಹೇಳಬೇಕು.

ಶಕವಿಲ್ಲದೆ 'ಚಾಳುಕ್ಯ ವಿಕ್ರಮ ವರ್ಷ' ಎಂದಿದ್ದರೆ ಅದು ಆರನೇ ವಿಕ್ರಮಾದಿತ್ಯ 1076ರಲ್ಲಿ ಆರಂಭಿಸಿದ ಲೆಕ್ಕ, ವರ್ಷದ ಸಂಖ್ಯೆಗೆ 1075 ಸೇರಿಸಿ. ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ: ಹೇವಿಳಂಬಿ 1057, 1117, 1177, 1237 ಯಾವುದೂ ಆಗಬಹುದು. ಆಗ ಅರಸನ ಹೆಸರು, ಲಿಪಿ ಎರಡೂ ಬೇಕು. ಅರಸನ ಹೆಸರೂ ಕೈಕೊಡುತ್ತದೆ. 'ವೀರಬಲ್ಲಾಳ' ಎಂದರೆ 1173ರಿಂದ 1220ರವರೆಗೆ ಆಳಿದ ಎರಡನೆಯವನೋ 1292ರಿಂದ 1343ರವರೆಗಿನ ಮೂರನೆಯವನೋ?

ಇಸವಿಯನ್ನು ಪದಗಳಲ್ಲಿ ಅಡಗಿಸಿಡುವುದೂ ಉಂಟು: ಭೂಮಿ ಅಂದರೆ 1, ಗುಣ 3, ಬಾಣ 5, ರಸ 6. ಇವನ್ನು ಬಲದಿಂದ ಎಡಕ್ಕೆ ಜೋಡಿಸಬೇಕು. ನೆಟ್ಟಗೆ ಓದಿ ಬೆಚ್ಚಿಬಿದ್ದವರನ್ನು ನೋಡಿದ್ದೇನೆ.

ಕಡೆಯ ಪರೀಕ್ಷೆ ವಾರದ್ದು. ಕ್ರಿ.ಶ. 700ರಿಂದ 1799ರವರೆಗಿನ ತಿಥಿ, ವಾರಗಳಿಗೆ ಸ್ವಾಮಿಕಣ್ಣು ಪಿಳ್ಳೈ ಅವರ 'ಆನ್ ಇಂಡಿಯನ್ ಎಫೆಮೆರಿಸ್' ಕೋಷ್ಟಕಗಳಿವೆ. ಬೇಲೂರಿನ ದಿನಕ್ಕೆ ವಿದ್ವಾಂಸರು ಕೊಡುವ ತಾರೀಕು 1117 ಮಾರ್ಚ್ 10, ಶನಿವಾರ. ಇಂಟರ್ನೆಟ್ಟಿನ ಕೆಲವು ಪಂಚಾಂಗ ತಾಣಗಳು ಇದನ್ನೇ ಮಾರ್ಚ್ 17 ಎಂದು ತೋರಿಸಬಹುದು. ಅವು ಈಗಿನ ಗ್ರೆಗೋರಿಯನ್ ಕ್ಯಾಲೆಂಡರನ್ನು ಹಿಂದಕ್ಕೆ ಎಳೆದಿರುತ್ತವೆ, ಇತಿಹಾಸಕಾರರು 1582ಕ್ಕೆ ಹಿಂದಿನ ದಿನಗಳಿಗೆ ಜೂಲಿಯನ್ ಬಳಸುತ್ತಾರೆ. ಆ ಶತಮಾನದಲ್ಲಿ ವ್ಯತ್ಯಾಸ ಸರಿಯಾಗಿ ಏಳು ದಿನ, ಹಾಗಾಗಿ ವಾರ ಮಾತ್ರ ಎರಡರಲ್ಲೂ ಶನಿವಾರವೇ ಬರುತ್ತದೆ. ವಾರ ಹೊಂದಿತೆಂದು ನೆಮ್ಮದಿಯಾಗಿ ತಪ್ಪು ತಾರೀಕು ಬರೆಯುವುದು ಹೀಗೆ.

ಕಾಲವೇ ಇಲ್ಲದ ಕಲ್ಲಿಗೆ ಲಿಪಿ ನೋಡಿ ಇಸವಿ ಹೇಳಲಾಗದು. 'ಸುಮಾರು 11ನೇ ಶತಮಾನ' ಎನ್ನುವಲ್ಲಿಗೆ ನಿಲ್ಲಿ.

ಹಂತ 8: ಅರ್ಥ ಬರೆಯುವಾಗ ಇಂದಿನ ಕನ್ನಡವನ್ನು ನಂಬಬೇಡಿ

'ಕೊಡಗಿ' ಎಂದು ಕಂಡರೆ ಅದು ಕೊಡಗಿನವಳಲ್ಲ, ಕೊಡುಗೆಯಾಗಿ ಬಿಟ್ಟ ಭೂಮಿ. ಕಾದಿ ಸತ್ತವನ ಮನೆಗೆ ಕೊಟ್ಟದ್ದು 'ನೆತ್ತರುಗೊಡಗೆ'. 'ಪೆರ್ಗಡೆ' ಒಬ್ಬ ಅಧಿಕಾರಿ, ಇಂದಿನ ಹೆಗ್ಗಡೆ ಮನೆತನವೇ ಎಂದು ನೇರ ಗಂಟು ಹಾಕಬೇಡಿ. 'ಪಟ್ಟಣಸ್ವಾಮಿ' ವರ್ತಕರ ಮುಖಂಡ, ಮಠದ ಸ್ವಾಮಿಯಲ್ಲ. 'ಸೇನಬೋವ' ಲೆಕ್ಕ ಬರೆಯುವವನು, ಶಾನುಭೋಗರ ಹಿರಿಯ. 'ತೆಱೆ' ಎಂದರೆ ತೆರಿಗೆ. ಮತ್ತರು, ಕಮ್ಮ, ಖಂಡುಗಗಳನ್ನು ಎಕರೆಗೆ ಇಳಿಸಲು ಹೋಗಬೇಡಿ, ಅಳತೆಯ ಕೋಲು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಹಾಗೆಯೇ ಬರೆದುಬಿಡಿ.

ಎಲ್ಲೆಕಟ್ಟಿನ ಭಾಗವನ್ನು ಹಾರಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಶಾಸನದ ಜೀವ ಅಲ್ಲಿದೆ. 'ಮೂಡಲು ಹಿರಿಯಕೆಱೆ, ತೆಂಕಲು ಹುಣಿಸೆಯ ಮರ' ಎಂಬುದನ್ನು ಹಿಡಿದು ಊರಿನ ಹಿರಿಯರೊಂದಿಗೆ ಒಂದು ಸುತ್ತು ನಡೆಯಿರಿ. ಮರ ಉಳಿದಿರುವುದಿಲ್ಲ, ಕೆರೆಯ ಹೆಸರು ಹೊಲದ ಹೆಸರಾಗಿ ಉಳಿದಿರುತ್ತದೆ.

ಹಂತ 9: ದಾಖಲೆ, ಪ್ರಕಟಣೆ

ಊರು, ತಾಲ್ಲೂಕು, ಕಲ್ಲು ನಿಂತ ಜಾಗ, ಎತ್ತರ ಮತ್ತು ಅಗಲ, ಸಾಲುಗಳ ಸಂಖ್ಯೆ, ಲಿಪಿ, ಭಾಷೆ, ಮೇಲಿನ ಉಬ್ಬುಶಿಲ್ಪ, ಅರಸ, ಕಾಲ, ಪಾಠ, ಸಾರಾಂಶ, ಮೊದಲು ಅಚ್ಚಾಗಿದ್ದರೆ ಅದರ ವಿವರ. ಒಂದು ಕಲ್ಲಿಗೆ ಒಂದು ಹಾಳೆ ಸಾಕು. ಒಂದು ಪ್ರತಿ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಲಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗವೂ ಮೈಸೂರಿನಲ್ಲೇ ಇದೆ. ಬರಹವಾಗಿಸುವುದಾದರೆ ಕರ್ನಾಟಕ ಇತಿಹಾಸ ಅಕಾಡೆಮಿಯ 'ಇತಿಹಾಸ ದರ್ಶನ'ದಂಥ ಕಡೆ ಕೊಡಿ, ಅಲ್ಲಿ ನಿಮ್ಮ ಪಾಠವನ್ನು ತಿದ್ದಬಲ್ಲವರು ಓದುತ್ತಾರೆ.

ಕಲ್ಲನ್ನು ಮನೆಗೋ ಶಾಲೆಯ ಅಂಗಳಕ್ಕೋ ಸಾಗಿಸುವ ಉತ್ಸಾಹ ಬೇಡ. ನೂರು ವರ್ಷ ದಾಟಿದ ಶಾಸನ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ತಾಮ್ರಪಟ ಮಣ್ಣಿನಲ್ಲಿ ಸಿಕ್ಕಿದರೆ ತೊಳೆಯುವ ಮೊದಲೇ ತಹಶೀಲ್ದಾರರಿಗೆ ತಿಳಿಸಿ.

ಫೇಸ್‌ಬುಕ್ಕಿನಲ್ಲಿ ಹಾಕುವಾಗ ಫೋಟೊದೊಳಗಿನ ಲೊಕೇಶನ್ ತೆಗೆದುಹಾಕಿ, ಒಂಟಿ ಹೊಲದ ಕಲ್ಲಾದರೆ ಹೋಬಳಿಯ ಹೆಸರಿಗಿಂತ ಹತ್ತಿರದ ಗುರುತು ಕೊಡಬೇಡಿ. ಹಾಕಿದ ಎರಡು ಮೂರು ದಿನದಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬರಬಹುದು. ಮಾತು ಶಾಸನದಿಂದ ಶುರುವಾಗಿ, "ಮೇಲ್ಗಡೆ ಸೂರ್ಯ ಚಂದ್ರ ಐತಲ್ಲ ಸಾರ್, ಹಾವಿನ ಗುರ್ತು ಏನಾದ್ರೂ ಐತಾ?" ಎಂಬಲ್ಲಿಗೆ ಬರುತ್ತದೆ. ಸೂರ್ಯ ಚಂದ್ರರು ಇರುವವರೆಗೆ ದಾನ ನಡೆಯಲಿ ಎಂಬುದಷ್ಟೇ ಆ ಗುರುತಿನ ಅರ್ಥ ಎಂದು ಹೇಳಿ ಫೋನಿಡಿ, ನಂಬರನ್ನು ಬರೆದಿಟ್ಟುಕೊಂಡು ಆ ಜಮೀನಿನ ಯಜಮಾನರಿಗೂ ಪೊಲೀಸ್ ಠಾಣೆಗೂ ಅದೇ ದಿನ ತಿಳಿಸಿ.